ನಕಲಪ್ಪನ ಬಲಗೈ

“ನಿಮ್ಮ ಬಲಗೈ ಈಗ ಏನು ಮಾಡ್ತಾ ಇದೆ?”

ಅರಿವಿನ ಮೇಷ್ಟ್ರು ಕೇಳಿದ್ದು ಇಷ್ಟೇ. ಈ ಮಾತನ್ನು ಅವರು ಬಾಯಲ್ಲೇ ಇಟ್ಟುಕೊಂಡಿದ್ದರೆ ನಕಲಪ್ಪನ ಸಂಸಾರ ಅವತ್ತು ಸಂಜೆಯ ಹೊತ್ತಿಗೆ ನೆಲಮಹಡಿಯ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿತ್ತು.

ಬೆಳಗ್ಗೆ ಒಂಬತ್ತೂಕಾಲು. ಕಚೇರಿಯ ಸಭಾಂಗಣದಲ್ಲಿ ಪರದೆ ಎಳೆದು ಕತ್ತಲು ಮಾಡಿ, ಹದಿನೆಂಟು ಮಂದಿ ನೌಕರರನ್ನು ಚಾಪೆಗಳ ಮೇಲೆ ಅಂಗಾತ ಮಲಗಿಸಿದ್ದರು. ಸೊಂಟನೋವು, ಕತ್ತುನೋವು ಎಂದು ರಜೆ ಹಾಕುವವರು ಹೆಚ್ಚಾದರೆಂದು ಮೇಲಿನವರು ಗೊತ್ತುಮಾಡಿ ಕಳಿಸಿದ ಮನುಷ್ಯ ಈ ಅರಿವಿನ ಮೇಷ್ಟ್ರು. ಬಡಕಲು ಆಳು. ನಡೆದರೆ ಸದ್ದೇ ಇಲ್ಲ. ಈಗ ಬಾಗಿಲಲ್ಲಿ ಇದ್ದವರು ಮರುಗಳಿಗೆಗೆ ನಿಮ್ಮ ತಲೆಯ ಹಿಂದೆ ಇರುತ್ತಿದ್ದರು. ನಡುವಿನ ದಾರಿಯಲ್ಲಿ ಅವರನ್ನು ಕಂಡವರು ಯಾರೂ ಇಲ್ಲ. ಹೆಜ್ಜೆ ಎತ್ತಿದರೆ ಎತ್ತಿದೆ ಅಂತ ತಿಳೀಬೇಕು, ಉಸಿರು ಒಳಗೆ ಹೋದರೆ ಹೋಯಿತು ಅಂತ ತಿಳೀಬೇಕು, ಮೈಯಲ್ಲಿ ನಮಗೆ ಗೊತ್ತಿಲ್ಲದೆ ಏನೊಂದೂ ನಡೀಬಾರದು, ಆಗ ನೋವು ಹತ್ತಿರ ಸುಳಿಯಲ್ಲ ಎನ್ನುವುದು ಅವರ ಪಾಠ.

ನಕಲಪ್ಪ ಕಣ್ಣು ಮುಚ್ಚಿಕೊಂಡು ತನ್ನ ಬಲಗೈಯನ್ನು ನೆನೆದ. ಚಾಪೆಯ ಮೇಲೆ ಇರಬೇಕು, ಇನ್ನೆಲ್ಲಿಗೆ ಹೋದೀತು ಅಂದುಕೊಂಡ. ಆದರೂ ಒಂದು ಅನುಮಾನ ಬಂದು ಅರೆಗಣ್ಣು ತೆರೆದು ನೋಡಿದ.

ಕೈ ಚಾಪೆಯ ಮೇಲೆ ಇರಲಿಲ್ಲ. ಎದೆಯಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ಕಾಣದ ಪೆನ್ನೊಂದನ್ನು ಹಿಡಿದು ಸರಸರ ಬರೆಯುತ್ತಿತ್ತು. ಬರೆದು ಒಂದು ಚಣ ನಿಲ್ಲುವುದು, ಮತ್ತೆ ಬರೆಯುವುದು. ಪಕ್ಕದ ಚಾಪೆಯಲ್ಲಿ ಮುದಿ ಜವಾನ ಗೊರಕೆ ಹೊಡೆಯುತ್ತಿದ್ದ. ಅವನ ಎಡಗೈಯೂ ಗಾಳಿಯಲ್ಲಿತ್ತು. ನಕಲಪ್ಪನ ಕೈ ನಿಂತಾಗಲೆಲ್ಲ ಅದು ಕಾಣದ ಕಾಗದವೊಂದನ್ನು ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ತಂದು ಇಡುತ್ತಿತ್ತು.

ನಕಲಪ್ಪ ಎಡಗೈ ಚಾಚಿ ಅದನ್ನು ಹಿಡಿಯಲು ಹೋದ.

“ತಡೀಬೇಡಿ,” ಎಂದರು ಮೇಷ್ಟ್ರು, ಅವನ ಕಿವಿಯ ಪಕ್ಕದಲ್ಲೇ. “ಸುಮ್ಮನೆ ನೋಡ್ತಾ ಇರಿ. ಯಾರೋ ನೋಡ್ತಿದಾರೆ ಅಂತ ಅದಕ್ಕೂ ಗೊತ್ತಾಗ್ಲಿ.”

ನಕಲಪ್ಪ ನೋಡಿದ. ಕೈ ಬರೆಯುವುದನ್ನು ನಿಲ್ಲಿಸಿತು. ದೀಪ ಹಾಕಿದ ಕೂಡಲೇ ಅಡುಗೆಮನೆಯ ಇಲಿ ನಿಂತ ಹಾಗೆ ನಿಂತು, ಮೆಲ್ಲಗೆ ಅಂಗೈಯನ್ನು ಅವನ ಮುಖದ ಕಡೆ ತಿರುಗಿಸಿತು. ಅದು ತನ್ನನ್ನು ಗುರುತು ಹಿಡಿಯಲು ನೋಡುತ್ತಿದೆ ಎಂದು ನಕಲಪ್ಪನಿಗೆ ಅನಿಸಿತು. ಆಮೇಲೆ ಅದು ಚಾಪೆಗೆ ಇಳಿದು ಮಲಗಿತು.

ನಕಲಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ನಕಲು ಶಾಖೆಯಲ್ಲಿ ಕೂತಿದ್ದಕ್ಕೆ ಕಚೇರಿಯವರು ಕೊಟ್ಟ ಬಿರುದು. ಜನ ತಂದ ಕಾಗದದ ಅಸಲನ್ನೂ ನಕಲನ್ನೂ ಹೋಲಿಸಿ, ಸರಿಯಿದ್ದರೆ ಷರಾ ಬರೆದು ಸಹಿ ಹಾಕುವುದು ಅವನ ಕೆಲಸ. ದಿನಕ್ಕೆ ಇನ್ನೂರು ಕಾಗದ. ಜವಾನ ಸರಿಸುತ್ತ ಹೋಗುವುದು, ಇವನು ಗೀಚುತ್ತ ಹೋಗುವುದು, ಇಬ್ಬರ ಬಾಯಿಯೂ ಲೋಕದ ಸುದ್ದಿಯಲ್ಲಿ ಮುಳುಗಿರುವುದು. ಕೈಯ ಕೆಲಸ ಕೈಗೆ, ಬಾಯಿಯ ಕೆಲಸ ಬಾಯಿಗೆ. ಯಾರೂ ಯಾರ ತಂಟೆಗೂ ಹೋಗದೆ ಇಪ್ಪತ್ತೆರಡು ವರ್ಷ ಸುಖವಾಗಿ ಸಂಸಾರ ಮಾಡಿದ್ದವು.

ಆ ದಿನ ಮಾತ್ರ ಅವನು ತನ್ನದೇ ಒಂದು ಕಾಗದಕ್ಕೆ ಸಹಿ ಹಾಕುವುದಿತ್ತು. ಅವನ ಮನೆ ನೌಕರರ ವಸತಿಯ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹೆಂಡತಿಯ ಎರಡೂ ಮೊಣಕಾಲು ಸವೆದು, ಏಳು ತಿಂಗಳಿಂದ ಅವಳು ಬೀದಿಯನ್ನು ನೋಡಿದ್ದೆಲ್ಲ ಕಿಟಕಿಯಿಂದಲೇ. ನೆಲಮಹಡಿಯ ಮನೆಗೆ ಒಂಬತ್ತು ವರ್ಷದ ಹಿಂದೆ ಹೆಸರು ಬರೆಸಿದ್ದು ಕೊನೆಗೂ ಸರದಿಗೆ ಬಂದಿತ್ತು. ಸಂಜೆ ಐದರೊಳಗೆ ಒಪ್ಪಿಗೆಯ ನಮೂನೆಗೆ ಸಹಿ ಹಾಕಿ ವಸತಿ ಶಾಖೆಗೆ ಕೊಡಬೇಕು; ತಪ್ಪಿದರೆ ಮನೆ ಪಟ್ಟಿಯ ಮುಂದಿನವರಿಗೆ.

“ರೀ, ಇನ್ನು ಸಹಿ ಒಂದೇ ತಾನೇ ಬಾಕಿ?” ಎಂದು ಬೆಳಗ್ಗೆ ಹೆಂಡತಿ ಎರಡೆರಡು ಸಲ ಕೇಳಿದ್ದಳು.

“ಅದೊಂದೇ ಕಣೇ. ಸಹಿ ಹಾಕೋದು ನನಗೇನು ಹೊಸದಾ?”

“ಹಾಗಾದ್ರೆ ನಾನು ಸಾಮಾನು ಕಟ್ಟಿಬಿಡ್ತೀನಿ.” ಅವಳು ಅಷ್ಟು ಹಗುರಾಗಿ ನಕ್ಕಿದ್ದನ್ನು ಅವನು ವರ್ಷಗಳಿಂದ ನೋಡಿರಲಿಲ್ಲ.

ಹತ್ತು ಗಂಟೆಗೆ ನಕಲಪ್ಪ ವಸತಿ ಶಾಖೆಗೆ ಹೋದ. ಅಲ್ಲಿನ ಮೇಡಂ ಕಟ್ಟುನಿಟ್ಟಿನ ಹೆಂಗಸು. ಕಪಾಟಿನಿಂದ ಅವನ ಹಳೆಯ ಮಾದರಿ ಸಹಿಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

“ನಮೂನೆ ಒಂದೇ ಇರೋದು, ನಂಬರ್ ಹಾಕಿ ಬಂದಿದೆ. ಹಾಳು ಮಾಡಬೇಡಿ. ಮೊದಲು ಬಿಳಿ ಹಾಳೆ ಮೇಲೆ ಹಾಕಿ ತೋರಿಸಿ. ಕಾರ್ಡಿಗೆ ಹೊಂದಿದ್ರೆ ಆಮೇಲೆ ಇದರ ಮೇಲೆ.”

ನಕಲಪ್ಪ ಪೆನ್ನು ಹಿಡಿದ. ಹಿಡಿದೆ ಅಂತ ತಿಳಿದ. ಅಲ್ಲಿಗೆ ಕೆಲಸ ಕೆಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ತನ್ನ ಸಹಿಯನ್ನು ನೋಡುತ್ತ ಹಾಕಲು ಹೊರಟಿದ್ದ. ಮೊದಲ ಸುಳಿ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಕೈಯನ್ನು ನೋಡಿದ. ಕೈ ಸುಮ್ಮನಿತ್ತು, ನೀನೇ ತಾನೇ ಯಜಮಾನ, ನೀನೇ ಬರೆ ಅನ್ನುವಂತಿತ್ತು. ಒತ್ತಾಯ ಮಾಡಿ ಎಳೆದ. ಒಂದನೇ ತರಗತಿಯ ಮಗು ಬರೆದಂಥ, ದುಂಡಗಿನ, ಪ್ರಾಮಾಣಿಕವಾದ ಅಕ್ಷರಗಳು ಹಾಳೆಯ ಮೇಲೆ ಮೂಡಿದವು.

ಮೇಡಂ ಹಾಳೆ ನೋಡಿದರು, ಕಾರ್ಡು ನೋಡಿದರು, ಆಮೇಲೆ ಅವನ ಮುಖವನ್ನು ಬಹಳ ಹೊತ್ತು ನೋಡಿದರು.

“ಇದು ನಿಮ್ಮ ಸಹಿ ಅಲ್ಲ.”

“ನಾನೇ ಹಾಕಿದ್ದು ಮೇಡಂ, ನಿಮ್ಮ ಕಣ್ಣೆದುರಿಗೆ.”

“ನೀವು ಹಾಕಿದ್ದು ಹೌದು. ನಿಮ್ಮದು ಅಲ್ಲ.”

ಇನ್ನೂ ನಾಲ್ಕು ಸಲ ಹಾಕಿದ. ಒಂದಕ್ಕೊಂದು ಹೋಲಿಕೆ ಇಲ್ಲ; ನಾಲ್ಕು ಜನ ಬೇರೆ ಬೇರೆ ಊರಿನಿಂದ ಬಂದು ಗೀಚಿ ಹೋದಂತಿತ್ತು. ಹೆಬ್ಬೆಟ್ಟು ಒತ್ತಲೇ ಎಂದು ಕೇಳಿದ.

“ಹೆಬ್ಬೆಟ್ಟು ಓದುಬರಹ ಬಾರದವರಿಗೆ. ಬರಲ್ಲ ಅಂತ ಪ್ರಮಾಣಪತ್ರ ತನ್ನಿ. ಅದರ ನಕಲಿಗೆ ನಕಲು ಶಾಖೆಯ ಸಹಿ ಇರಲಿ.”

ನಕಲು ಶಾಖೆ ಅಂದರೆ ಅವನೇ. ನಮೂನೆಯನ್ನು ಜೋಪಾನವಾಗಿ ಹಿಡಿದುಕೊಂಡು ಅವನು ಹೊರಗೆ ಬಂದ.

ಕಚೇರಿ ಅಂದಮೇಲೆ ಸುದ್ದಿ ಮುಚ್ಚಿಟ್ಟರೆ ನಿಂತೀತೇ? ಹನ್ನೊಂದರ ಹೊತ್ತಿಗೆ ನಕಲಪ್ಪನ ಕೈ ಕೆಟ್ಟಿದೆ ಎಂದು ಎಲ್ಲ ಶಾಖೆಗಳಿಗೂ ಗೊತ್ತಾಗಿ, ಸಲಹೆ ಕೊಡುವವರು ಅವನ ಮೇಜನ್ನು ಮುತ್ತಿದರು. ಕೈಗೆ ಬಿಸಿನೀರು ಹುಯ್ಯಿ ಎಂದ ಒಬ್ಬ. ಇನ್ನೊಬ್ಬ ತಣ್ಣೀರು ಎಂದ. ಟೈಪಿಸ್ಟ್ ಅಕ್ಕ ಇಡೀ ಕಚೇರಿಗೆ ಹಿರಿಯಕ್ಕ. ಅವಳು ಕೈಯನ್ನೇ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಕೈಗೇನೂ ಆಗಿಲ್ಲಪ್ಪ. ನೀನು ನೋಡ್ತೀಯಲ್ಲ, ಅದಕ್ಕೆ ಸಂಕೋಚ. ನನ್ನ ಬೆರಳನ್ನ ಯಾರಾದ್ರೂ ನಿಂತು ನೋಡಿದ್ರೆ ನನಗೂ ಟೈಪ್ ಆಗಲ್ಲ.”

ಅವಳು ಮೇಜು ಒರೆಸುವ ಬಟ್ಟೆಯನ್ನೇ ಅವನ ಕಣ್ಣಿಗೆ ಕಟ್ಟಿದಳು. ಉಪಯೋಗವಾಗಲಿಲ್ಲ. ಕಣ್ಣು ಮುಚ್ಚಿದಷ್ಟೂ ಕೈ ಇನ್ನೂ ಚೆನ್ನಾಗಿ ತಿಳಿಯಿತು. ಒಂದೊಂದು ಬೆರಳಿನ ಗಿಣ್ಣು, ಉಗುರಿನ ಕೆಳಗಿನ ಮಿಡಿತ, ಮಣಿಕಟ್ಟಿನೊಳಗೆ ಏನೋ ಸಣ್ಣಗೆ ಹರಿಯುತ್ತಿರುವುದು. ಬಟ್ಟೆ ಬಿಚ್ಚಿದಾಗ ಹಾಳೆಯ ಮೇಲೆ ಒಂದು ಚುಕ್ಕೆ ಇತ್ತು. ಅರ್ಧ ಗಂಟೆ ಪೆನ್ನು ಅದೇ ಜಾಗದಲ್ಲಿ ಒತ್ತಿ ಹಿಡಿದಿದ್ದರಿಂದ ಅದು ಕೆಳಗಿನ ಆರು ಹಾಳೆಗಳಿಗೂ ಇಳಿದಿತ್ತು.

ಮಧ್ಯಾಹ್ನ ಕಚೇರಿಯ ಕ್ಯಾಂಟೀನಿನಲ್ಲಿ ಕೂತು, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತ ಟೀ ಲೋಟದ ಕಡೆ ನೋಡಿದರೆ ಲೋಟ ಖಾಲಿ. ಬಾಯಲ್ಲಿ ಸಿಹಿ ಇತ್ತು. ಕುಡಿದ ನೆನಪಿಲ್ಲ. ಪಕ್ಕದ ತಟ್ಟೆಯಲ್ಲಿ ಬಿಸ್ಕತ್ತಿನ ಚೂರುಗಳು. ತಾನು ಬಿಸ್ಕತ್ತು ತೆಗೆದುಕೊಂಡೇ ಇರಲಿಲ್ಲ.

“ಇಲ್ಲಿ ಬಿಸ್ಕತ್ತು ಯಾರು ತಿಂದ್ರು?” ಎಂದು ಕ್ಯಾಂಟೀನಿನವನನ್ನು ಕೇಳಿದ.

“ನೀವೇ ಸಾರ್. ಕೈ ಮಾಡಿ ಕರೆದ್ರಿ, ಎರಡು ಅಂತ ಬೆರಳು ತೋರಿಸಿದ್ರಿ.”

ನಕಲಪ್ಪ ಬಲಗೈಯನ್ನು ನೋಡಿದ. ಅದು ಮೇಜಿನ ಮೇಲೆ, ಏನೂ ಅರಿಯದಂತೆ, ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಿತ್ತು. ಅವನು ನೋಡಿದ ಕೂಡಲೇ ನಿಂತಿತು. ಇಷ್ಟು ವರ್ಷ ತಾನು ಬೇರೆ ಏನನ್ನೋ ಯೋಚಿಸುತ್ತಿದ್ದಾಗಲೆಲ್ಲ ಉಂಡವರು, ಬಟ್ಟೆ ತೊಟ್ಟವರು, ಬೀದಿ ದಾಟಿದವರು ಯಾರು ಎಂಬ ಪ್ರಶ್ನೆ ಅವನಿಗೆ ಹೊಳೆಯಿತು. ಲೆಕ್ಕ ಹಾಕಿದರೆ ಐವತ್ತು ವರ್ಷದಲ್ಲಿ ತನ್ನ ಪಾಲಿಗೆ ಸಿಗುವುದು ಎರಡು ಮೂರು ವರ್ಷವಷ್ಟೇ. ಮಿಕ್ಕದ್ದನ್ನೆಲ್ಲ ಬೇರೆ ಯಾರೋ ಬದುಕಿದ್ದರು. ಕ್ಯಾಂಟೀನಿನ ಗದ್ದಲದ ನಡುವೆಯೂ ಅವನಿಗೆ ಭಯವಾಯಿತು.

ಎದ್ದು ಮೇಷ್ಟ್ರನ್ನು ಹುಡುಕಿಕೊಂಡು ಹೊರಟ. ಮೆಟ್ಟಿಲ ಮೇಲೆ ಇನ್ನೊಂದು ಪೇಚು. ಎಡಗಾಲು ಎತ್ತುತ್ತಿದ್ದೇನೆ ಅಂತ ತಿಳಿದ. ಎತ್ತಿದ ಕಾಲನ್ನು ಎಲ್ಲಿ ಇಡಬೇಕು, ಎಷ್ಟು ಬಗ್ಗಿಸಬೇಕು ಎಂಬುದು ಮರೆತುಹೋಯಿತು. ಒಂಟಿಕಾಲಲ್ಲಿ, ಕಂಬಿ ಹಿಡಿದು, ಹಾಗೇ ನಿಂತ. ಕೆಳಗೆ ಕಡತ ಹೊತ್ತವರ ಸಾಲು ಬೆಳೆಯಿತು.

“ಹೋಗಿ ಸಾರ್, ತೋಳು ಬಿದ್ದುಹೋಗ್ತಿದೆ,” ಎಂದ ಒಬ್ಬ.

“ಹೇಗೆ ಹೋಗೋದು ಅಂತ ಹೇಳಪ್ಪ,” ಎಂದ ನಕಲಪ್ಪ. ಅವನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದಾಗ ಸಾಲಿನಲ್ಲಿದ್ದವರೆಲ್ಲ ಎರಡೆರಡು ಮೆಟ್ಟಿಲು ಹಿಂದೆ ಸರಿದರು.

“ತುಂಬಾ ಚೆನ್ನಾಗಿ ಮಾಡ್ತಿದ್ದೀರಿ,” ಎಂದು ಬೆನ್ನ ಹಿಂದಿನಿಂದ ಮೆಲುದನಿ ಬಂತು. ಮೇಷ್ಟ್ರು. ಆ ಸಾಲನ್ನು ದಾಟಿ ಅವರು ಹೇಗೆ ಬಂದರೋ.

“ಸ್ವಾಮಿ, ನಿಮ್ಮ ಕಾಲು ಹಿಡ್ಕೋತೀನಿ. ಇದನ್ನ ಮರೆಯೋದು ಹೇಗೆ ಹೇಳಿ. ಐದು ಗಂಟೆಯೊಳಗೆ ಒಂದು ಸಹಿ ಹಾಕ್ಬೇಕು. ಅದಾದ ಮೇಲೆ ಬೇಕಾದ್ರೆ ಮತ್ತೆ ತಿಳ್ಕೋತೀನಿ.”

ಮೇಷ್ಟ್ರು ಸುತ್ತ ಒಮ್ಮೆ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು. ಅವರ ಕಣ್ಣ ರೆಪ್ಪೆಗಳು ಒಂದಾದ ಮೇಲೊಂದು, ಎಣಿಸಿದಂತೆ ಮುಚ್ಚಿ ತೆರೆಯುತ್ತಿದ್ದವು.

“ಹನ್ನೊಂದು ವರ್ಷದಿಂದ ನಾನೂ ಅದನ್ನೇ ಪ್ರಯತ್ನಿಸ್ತಿದ್ದೀನಿ,” ಎಂದರು. “ಒಂದು ಸೀನು ಕೂಡ ತಾನಾಗಿ ಬಂದಿಲ್ಲ. ಎಲ್ಲಾ ನಾನೇ ಮಾಡ್ಬೇಕು. ಉಸಿರೂ ಅಷ್ಟೇ. ನಿದ್ದೆ ಹೋದ್ರೆ ಅದನ್ನ ನೋಡ್ಕೊಳ್ಳೋರು ಯಾರು ಅಂತ ಮಲಗೋದನ್ನೇ ಬಿಟ್ಟಿದ್ದೀನಿ.”

ಅಷ್ಟು ಹೇಳಿ ಒಂದೊಂದೇ ಪಾದವನ್ನು ಇಟ್ಟು ಇಟ್ಟು ಮೇಲೆ ಹೋದರು. ನಕಲಪ್ಪ ಗಾಬರಿಯಲ್ಲಿ ತನ್ನ ಕಾಲನ್ನು ಮರೆತ. ಮರೆತ ಕಾಲು ಅವನನ್ನು ದಡದಡ ಕೆಳಗಿಳಿಸಿ ನಕಲು ಶಾಖೆಯ ಕುರ್ಚಿಗೆ ತಂದು ಕೂಡಿಸಿತು.

ಗಂಟೆ ನಾಲ್ಕೂವರೆ. ಸಲಹೆ ಕೊಟ್ಟವರೆಲ್ಲ ಸುಸ್ತಾಗಿ ಚದುರಿದ್ದರು. ಇದ್ದವರು ಟೈಪಿಸ್ಟ್ ಅಕ್ಕ ಮತ್ತು ಜವಾನ. ನಕಲಪ್ಪ ನಮೂನೆಯನ್ನು ಮುಂದಿಟ್ಟುಕೊಂಡು, ತಲೆ ಬಗ್ಗಿಸಿ ಕೂತಿದ್ದ. ನಾಲ್ಕನೇ ಮಹಡಿಯ ಮೆಟ್ಟಿಲು ಒಟ್ಟು ಎಪ್ಪತ್ತೆರಡು. ಅಷ್ಟನ್ನೂ ಹತ್ತಿ, ಸಾಮಾನು ಕಟ್ಟಿ ಕೂತವಳ ಎದುರು ನಿಂತು, ಸಹಿ ಬರಲಿಲ್ಲ ಕಣೇ ಅನ್ನಬೇಕು.

ಜವಾನ ಅವನನ್ನೇ ನೋಡುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಎದ್ದು ಹೋಗಿ ನಾಳೆಗೆಂದು ಇಟ್ಟಿದ್ದ ನಕಲುಗಳ ಕಟ್ಟನ್ನು ತಂದು, ಎಂದಿನಂತೆ ಮೇಜಿನ ಎಡತುದಿಯಲ್ಲಿ ಜೋಡಿಸಿ, ತನ್ನ ಸ್ಟೂಲಿನ ಮೇಲೆ ಕೂತ.

“ಸ್ವಾಮಿ, ಅಮ್ಮಾವ್ರ ಮಂಡಿ ನೋವು ಹೇಗಿದೆ ಈಗ?”

“ಹೇಗಿರುತ್ತೆ, ಹಾಗೇ ಇದೆ,” ಎಂದ ನಕಲಪ್ಪ.

“ಬೀದಿಗೆ ಇಳಿಯೋದೇ ಇಲ್ವಂತೆ.”

“ಎಲ್ಲಿ ಇಳೀತಾಳಯ್ಯ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ. ಕೆಳಗೆ ಯಾರ ಮಗು ನಡೆಯೋದು ಕಲೀತು, ಯಾರ ಮನೆ ಬೆಕ್ಕು ಮರಿ ಹಾಕ್ತು, ಎಲ್ಲಾ ನನಗೆ ವರದಿ. ಒಂದಿನ ನಾನೂ ಅಲ್ಲೇ ನಿಂತು ನೋಡಿದೆ. ಅಲ್ಲಿಂದ ಜನರ ತಲೆ ಮಾತ್ರ ಕಾಣ್ಸುತ್ತೆ, ಮುಖ ಕಾಣ್ಸಲ್ಲ. ಏಳು ತಿಂಗಳಿಂದ ಅವಳು ನನ್ನದು ಬಿಟ್ಟರೆ ಇನ್ನೊಂದು ಮುಖ ಸರಿಯಾಗಿ ನೋಡಿಲ್ಲ.”

ಹೇಳುತ್ತ ಹೇಳುತ್ತ ಅವನು ಕಿಟಕಿಯ ಕಡೆ ತಿರುಗಿದ. ಅದನ್ನು ಹಿಂದೆಂದೂ ಅವನು ಯಾರ ಹತ್ತಿರವೂ ಹೇಳಿರಲಿಲ್ಲ; ತನಗೆ ತಾನೂ ಹೇಳಿಕೊಂಡಿರಲಿಲ್ಲ. ಟೈಪಿಸ್ಟ್ ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳು ನೋಡುತ್ತಿದ್ದುದು ಅವನ ಮುಖವನ್ನಲ್ಲ. ಮೇಜಿನ ಮೇಲೆ ಕಾಗದ ಸರಿಯುವ ಮೆಲ್ಲನೆಯ ಸದ್ದು ಶುರುವಾಗಿತ್ತು. ಸರಕ್, ಆಮೇಲೆ ಪೆನ್ನಿನ ಗೀರು. ಸರಕ್, ಗೀರು. ನಕಲಪ್ಪ ಕಿಟಕಿಯಾಚೆ ನೋಡುತ್ತ ಹೆಂಡತಿಯ ಕತೆ ಹೇಳುತ್ತಲೇ ಇದ್ದ, ಅವನ ಬಲಗೈ ಕೆಳಗಡೆ ತನ್ನ ಪಾಡಿಗೆ ಓಡುತ್ತಿತ್ತು. ಹತ್ತಾಯಿತು, ಇಪ್ಪತ್ತಾಯಿತು. ಜವಾನ ಕಣ್ಣು ಮಿಟುಕಿಸದೆ, ಇಪ್ಪತ್ತಮೂರನೆಯ ಕಾಗದದ ಜಾಗಕ್ಕೆ ವಸತಿಯ ನಮೂನೆಯನ್ನು ಸರಿಸಿದ.

ಗೀರು.

ಜವಾನ ನಮೂನೆಯನ್ನು ಎಳೆದುಕೊಂಡು ಎದೆಗೆ ಒತ್ತಿಕೊಂಡ. ಟೈಪಿಸ್ಟ್ ಅಕ್ಕ ಕಪಾಟಿಗೆ ಒರಗಿ ಅತ್ತೇಬಿಟ್ಟಳು. ಅವನು ಅದನ್ನು ಮೇಜಿನ ಮೇಲಿಟ್ಟಾಗ ಎಲ್ಲರೂ ಬಗ್ಗಿ ಸಹಿಯೊಂದನ್ನೇ ನೋಡಿದರು. ಅದೇ ಸುಳಿ, ಅದೇ ಬಾಲ, ಬಾಲದ ತುದಿಯಲ್ಲಿ ಅದೇ ಚುಕ್ಕೆ.

“ಓಡಿ ಸ್ವಾಮಿ, ಇನ್ನು ಆರು ನಿಮಿಷ,” ಎಂದ ಜವಾನ.

ವಸತಿ ಶಾಖೆಯ ಮೇಡಂ ಕನ್ನಡಕ ಏರಿಸಿ, ಕಾರ್ಡನ್ನು ನಮೂನೆಯ ಪಕ್ಕದಲ್ಲಿಟ್ಟರು. ಅಲ್ಲಿ ನೋಡಿದರು, ಇಲ್ಲಿ ನೋಡಿದರು. ಅವರ ಮುಖ ಮೊದಲ ಸಲ ಸಡಿಲವಾಯಿತು.

“ಇದು ನಿಮ್ಮ ಸಹಿ. ಅನುಮಾನವೇ ಇಲ್ಲ. ಬೆಳಗ್ಗೆಯೇ ಹೀಗೆ ಹಾಕೋಕೆ ಏನಾಗಿತ್ತು?”

ನಕಲಪ್ಪ ನಕ್ಕ. ಮೇಡಂ ಮೊಹರು ಎತ್ತಿದರು. ಎತ್ತಿದ ಮೊಹರು ಗಾಳಿಯಲ್ಲೇ ನಿಂತಿತು. ಅವರ ಕಣ್ಣು ಸಹಿಯಿಂದ ಒಂದು ಸಾಲು ಮೇಲಕ್ಕೆ ಹೋಗಿತ್ತು.

“ಇದೇನಿದು?”

ಸಹಿಯ ಮೇಲೆ, ಇಪ್ಪತ್ತೆರಡು ವರ್ಷದ ಮುತ್ತಿನಂಥ ಅಕ್ಷರಗಳಲ್ಲಿ, ಬಲಗೈ ತನ್ನ ಎಂದಿನ ಷರಾ ಬರೆದಿತ್ತು: ಮೂಲದೊಂದಿಗೆ ಹೋಲಿಸಿ ನೋಡಿದೆ. ಇದು ನಿಜವಾದ ನಕಲು.

“ಇದು ನಕಲು,” ಎಂದರು ಮೇಡಂ. “ಅಸಲು ಎಲ್ಲಿ?”

“ಇದೇ ಅಸಲು ಮೇಡಂ.”

“ನಕಲು ಅಂತ ನೀವೇ ಬರೆದಿದ್ದೀರಿ. ಸಹಿ ನಿಮ್ಮದೇ ಅಂತ ನಾನೇ ಈಗ ತಾನೇ ಹೇಳ್ದೆ.” ಅವರ ದನಿಯಲ್ಲಿ ಕೋಪವಿರಲಿಲ್ಲ, ಪಾಪ ಎನ್ನುವ ಭಾವವಿತ್ತು. ಗೋಡೆಯ ಮೇಲಿನ ಸುತ್ತೋಲೆಯ ಕಡೆ ಬೆರಳು ತೋರಿಸಿದರು. ನಕಲೆಂದು ಷರಾ ಬಿದ್ದ ಕಾಗದವನ್ನು ಯಾವ ಕಾರಣಕ್ಕೂ ಅಸಲೆಂದು ಸ್ವೀಕರಿಸತಕ್ಕದ್ದಲ್ಲ ಎಂದು ಅದರಲ್ಲಿತ್ತು. ಕೆಳಗೆ, ಸುತ್ತೋಲೆಯ ನಕಲು ಸರಿಯಿದೆ ಎಂದು ಹಾಕಿದ ಅವನದೇ ಸಹಿ. ಅದನ್ನು ಹಾಕಿದ ನೆನಪು ನಕಲಪ್ಪನಿಗೆ ಇರಲಿಲ್ಲ.

ಗಡಿಯಾರ ಐದು ಹೊಡೆಯಿತು. ಮೇಡಂ ಪಟ್ಟಿ ತೆಗೆದು ಮುಂದಿನ ಹೆಸರಿಗೆ ಗುರುತು ಹಾಕಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಕಲಪ್ಪ ಇನ್ನು ಕೈಯ ಕಡೆ ನೋಡುವುದಿಲ್ಲ ಎಂದು ನಿರ್ಧಾರ ಮಾಡಿ, ಹೊರಗೆ ನೋಡುತ್ತ ಕೂತ. ಹೆಂಡತಿಗೆ ಹೇಳುವ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದ, ಒಂದೂ ಸರಿಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದವನು ಅವನ ಮಡಿಲ ಕಡೆ ನೋಡಿ ಎದ್ದುಹೋದ. ಅಲ್ಲಿಗೆ ಬಂದ ಇನ್ನೊಬ್ಬನೂ ನೋಡಿ ಎದ್ದುಹೋದ. ಅವನು ಅದನ್ನು ಗಮನಿಸಲಿಲ್ಲ.

ಮನೆಯ ಹತ್ತಿರ ಬಂದಾಗ ಇನ್ನೂ ಬೆಳಕಿತ್ತು. ಕಟ್ಟಡದ ಬಾಗಿಲಲ್ಲಿ, ಕಟ್ಟಕಡೆಯ ಮೆಟ್ಟಿಲ ಮೇಲೆ ಹೆಂಡತಿ ಕೂತಿದ್ದಳು. ಸುತ್ತ ಹಾಸಿಗೆಯ ಸುರುಳಿ, ಪಾತ್ರೆಯ ಡಬ್ಬ, ಬಟ್ಟೆಯ ಗಂಟುಗಳು. ಕೂದಲು ಬಾಚಿಕೊಂಡಿದ್ದಳು. ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ದಾರಿಯಲ್ಲಿ ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

“ಕೂತ್ಕೊಂಡು ಕೂತ್ಕೊಂಡು ಇಳಿದೆ ರೀ, ಒಂದೂವರೆ ಗಂಟೆ ಆಯ್ತು,” ಎಂದು ನಕ್ಕಳು. “ಸಾಮಾನು ಅಕ್ಕಪಕ್ಕದವರು ಇಳಿಸಿಕೊಟ್ರು. ಇನ್ನು ಜನ್ಮದಲ್ಲಿ ಹತ್ತಲ್ಲ ಅಂತ ಹೇಳಿಯೇ ಇಳಿದಿದ್ದೀನಿ.”

ನಕಲಪ್ಪ ಒಂದು ಗಂಟನ್ನು ಸರಿಸಲು ಎಡಗೈ ಚಾಚಿದ. ಹೆಂಡತಿಯ ನಗು ನಿಂತಿತು. ಅವಳು ಅವನ ಎಡತೋಳನ್ನು ನೋಡುತ್ತಿದ್ದಳು.

ಅವನೂ ನೋಡಿದ. ಅಂಗಿಯ ತೋಳು ಮೊಣಕೈವರೆಗೆ ಮಡಿಸಿತ್ತು, ಅವನು ಮಡಿಸಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮದ ಮೇಲೆ ನೀಲಿ ಶಾಯಿಯಲ್ಲಿ ಅದೇ ಷರಾದ ಎರಡು ಸಾಲು ಬರೆದು, ಕೆಳಗೆ ಸಹಿ ಹಾಕಿತ್ತು. ಬಲಗೈ ಪೆನ್ನಿಗೆ ಟೊಪ್ಪಿ ಸಿಕ್ಕಿಸಿ, ಜೇಬಿಗೆ ಇಡುತ್ತಿತ್ತು.

ಹೆಂಡತಿ ಅವನ ತೋಳನ್ನು ಹತ್ತಿರ ಎಳೆದುಕೊಂಡು, ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿದಳು. ಓದಿ ಮುಗಿಸಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತೋಳನ್ನು ಬಿಟ್ಟು, ಬೇರೆ ಯಾರದೋ ಸಾಮಾನಿಗೆ ತಾಗಿದವಳಂತೆ ಕೊಂಚ ಹಿಂದೆ ಸರಿದು ಕೂತಳು.

“ನಮ್ಮನೆಯವರು ಸಹಿ ಹಾಕಿಯೇ ಬರ್ತೀನಿ ಅಂತ ಹೇಳಿ ಹೋಗಿದಾರೆ,” ಎಂದಳು. “ಅಸಲಿನವರು ಬರಲಿ. ಅಲ್ಲೀವರೆಗೂ ನಾನು ಇಲ್ಲೇ ಕೂತಿರ್ತೀನಿ.”

ಅವಳು ನಗಬಹುದೆಂದು ನಕಲಪ್ಪ ಕಾದ. ಅವಳು ನಗಲಿಲ್ಲ. ಅವನು ಹಾಸಿಗೆಯ ಸುರುಳಿಯನ್ನು ಸರಿಸಿ, ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು, ಅವಳ ಜೊತೆ ತಾನೂ ದಾರಿಯ ಕಡೆ ನೋಡತೊಡಗಿದ.